ಕೇರಿಯ ಬಾಲ್ಯ, ವಾಡೆಯ ಭಾಷೆ: ‘ಅಕ್ಕರಮಾಶಿ’ಯ ಒಂದು ಗಡಿನಾಡ ಓದು

ಗಡಿನಾಡಿನ ಕನ್ನಡ ಬರವಣಿಗೆಯಲ್ಲಿ ಬಾಲ್ಯದ ನೆನಪಿಗೆ ಒಂದು ಒಗ್ಗಿಹೋದ ರೂಪವಿದೆ. ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ನಿವೃತ್ತ ಶಿಕ್ಷಕರ ಅಭಿನಂದನ ಗ್ರಂಥಗಳಲ್ಲಿ, ಶಾಲೆಗಳ ವಾರ್ಷಿಕ ಸಂಚಿಕೆಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮಣ್ಣಿನ ಮಾಳಿಗೆಯ ಮನೆ, ಜೋಳದ ರೊಟ್ಟಿ, ಮಠದ ಪ್ರಸಾದ, ಒಬ್ಬರೇ ಮಾಸ್ತರರು ನಡೆಸುತ್ತಿದ್ದ ಕನ್ನಡ ಶಾಲೆ, ಜಾತ್ರೆಯ ರಾತ್ರಿಯ ಬಯಲಾಟ. ಬಡತನವಿತ್ತು, ಆದರೆ ಓಣಿಯೆಲ್ಲ ಒಂದೇ ಮನೆಯಂತಿತ್ತು. ಆಮೇಲೆ ನಕಾಶೆ ಬದಲಾಯಿತು. ಕಚೇರಿಯ ಕಾಗದದ ಭಾಷೆ ಬೇರೆಯಾಯಿತು. ಕನ್ನಡ ಶಾಲೆಯ ಮಕ್ಕಳ ಸಂಖ್ಯೆ ಇಳಿಯಿತು. ನೆನಪಿನ ದುಃಖವೆಲ್ಲ ಕಡೆಗೆ ಆ ಕಳೆದುಹೋದ ಭಾಷೆಯ ಸುತ್ತ ಬಂದು ನಿಲ್ಲುತ್ತದೆ. ಈ ದುಃಖ ಸುಳ್ಳಲ್ಲ. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈ ಅವರ ಆತ್ಮಕಥನ ‘ದುಡಿತವೇ ನನ್ನ ದೇವರು’ ಓದಿದವರಿಗೆ, ನೆಲ ಮತ್ತು ನುಡಿ ಒಂದೇ ಬೇರಿನ ಎರಡು ಕವಲುಗಳಾಗಿ ಬದುಕಿದ ತಲೆಮಾರಿಗೆ 1956 ಏನು ಮಾಡಿತು ಎಂಬುದು ಬಿಡಿಸಿ ಹೇಳಬೇಕಾದ ಮಾತಲ್ಲ.

ಆದರೆ ಈ ನೆನಪುಗಳು ನಿಂತು ನೋಡುವ ಜಾಗ ಬಹುಮಟ್ಟಿಗೆ ಅಗಸಿಯ ಒಳಗಿನದು. ಅಗಸಿಯ ಹೊರಗಿನ ಕೇರಿ ಅವುಗಳಲ್ಲಿ ಬರುವುದು ಜಾತ್ರೆಯ ಹಲಗೆಯ ಸದ್ದಾಗಿ, ಸಾವಿನ ಸುದ್ದಿ ಒಯ್ಯುವ ಆಳಾಗಿ, ಕಣದ ಅಂಚಿನಲ್ಲಿ ಕಾಳಿಗೆ ಸೆರಗೊಡ್ಡಿ ನಿಂತ ಹೆಂಗಸಾಗಿ. ಆ ಹೆಂಗಸಿನ ಮಗನಿಗೂ ಒಂದು ಬಾಲ್ಯವಿತ್ತು, ಅವನೂ ಅದನ್ನು ನೆನೆದಾನು, ನೆನೆಯುವಾಗ ಯಾವ ಭಾಷೆಯನ್ನು ಆರಿಸಿಕೊಂಡಾನು ಎಂಬ ಪ್ರಶ್ನೆ ಗಡಿನಾಡ ಕನ್ನಡದ ಅಧ್ಯಯನಗಳಲ್ಲಿ ಏಳುವುದು ಅಪರೂಪ. ಅಕ್ಕಲಕೋಟೆಯ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ 1984ರಲ್ಲಿಯೇ ಅಚ್ಚಾಗಿದೆ. ಅದು ಮರಾಠಿಯಲ್ಲಿದೆ. ಶರಣಕುಮಾರ ಲಿಂಬಾಳೆ ಅವರ ‘ಅಕ್ಕರಮಾಶಿ’ ದಲಿತ ಆತ್ಮಕಥನಗಳ ಸಾಲಿನಲ್ಲಿ ದೇಶದಾದ್ಯಂತ ಓದಲ್ಪಟ್ಟ ಕೃತಿ. 2003ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ವಿಶ್ವವಿದ್ಯಾಲಯಗಳ ಪಠ್ಯವೂ ಆಯಿತು. ಅಲ್ಲೆಲ್ಲ ಅದನ್ನು ಮರಾಠಿ ದಲಿತ ಸಾಹಿತ್ಯವೆಂದು ಓದುತ್ತಾರೆ, ಅದು ಸರಿಯೇ. ಆದರೆ ಅದರ ನೆಲ ಕನ್ನಡ ಗಡಿಯದು ಎಂಬ ಸಂಗತಿ ಎರಡೂ ಕಡೆಯ ವಿಮರ್ಶೆಯಲ್ಲಿ ಅಡಿಟಿಪ್ಪಣಿಯ ಮಟ್ಟಕ್ಕೂ ಏರಿಲ್ಲ.

ಶೀರ್ಷಿಕೆಯ ಪದವನ್ನು ಮೊದಲು ನೋಡಬೇಕು. ಹನ್ನೆರಡು ಮಾಷ ಸೇರಿದರೆ ಒಂದು ತೊಲೆ. ಹನ್ನೊಂದೇ ಮಾಷ ತೂಗುವುದು ‘ಅಕ್ಕರಮಾಶಿ’: ತೂಕದಲ್ಲಿ ಒಂದು ಕಡಿಮೆ, ಆದ್ದರಿಂದ ಖೋಟಾ. ಮದುವೆಯ ಕಟ್ಟಿಲ್ಲದೆ ಹುಟ್ಟಿದ ಮಗುವಿಗೆ ಮರಾಠಿಯ ಆಡುನುಡಿ ಅಕ್ಕಸಾಲಿಗರ ತಕ್ಕಡಿಯಿಂದ ಈ ಹೆಸರನ್ನು ಎರವಲು ತಂದಿದೆ. ಕೃತಿಯ ನಿರೂಪಕನ ತಾಯಿ ಮಸಾಮಾಯಿ ಮಹಾರ ಹೆಣ್ಣುಮಗಳು, ತಂದೆ ಲಿಂಗಾಯತ ಪಾಟೀಲ. ಆ ತಂದೆ ತಾಯಿಯನ್ನು ಇಟ್ಟುಕೊಂಡು ಬಿಟ್ಟವನು. ಆಮೇಲೆ ಆಕೆಯ ಬದುಕು ಸೇರುವುದು ಹನ್ನೂರಿನ ಇನ್ನೊಬ್ಬ ಪಾಟೀಲನ ಆಸರೆಗೆ. ಅವನ ಹೆಸರಿನೊಡನೆ ಬರುವ ಸಿದ್ರಾಮಪ್ಪ ಎಂಬುದು, ಸೊನ್ನಲಿಗೆಯ ಸಿದ್ಧರಾಮನನ್ನೂ ಕನ್ನಡದ ‘ಅಪ್ಪ’ನನ್ನೂ ಒಟ್ಟಿಗೆ ಹೊತ್ತದ್ದು. ನಿರೂಪಕನ ಹೆಸರಿನ ‘ಶರಣ’ ಎಲ್ಲಿಂದ ಬಂತೆಂದು ಕನ್ನಡ ಓದುಗನಿಗೆ ಹೇಳಬೇಕಾಗಿಲ್ಲ.

ಈ ನೆಲವನ್ನು ಸ್ವಲ್ಪ ಗುರುತಿಸಿಕೊಳ್ಳುವುದು ಒಳ್ಳೆಯದು. ಅಕ್ಕಲಕೋಟೆ ಭೋಸಲೆ ಮನೆತನದ ಚಿಕ್ಕ ಸಂಸ್ಥಾನವಾಗಿದ್ದು ಸ್ವಾತಂತ್ರ್ಯಾನಂತರ ಮುಂಬಯಿ ಪ್ರಾಂತ್ಯದ ಸೊಲ್ಲಾಪುರ ಜಿಲ್ಲೆಗೆ ಸೇರಿತು. ಅದರ ಅಂಚಿಗೆ ಹೊಂದಿಕೊಂಡಿರುವ ಆಳಂದ, ಅಫಜಲಪುರಗಳು ಆಗ ನಿಜಾಮನ ಹೈದರಾಬಾದಿನವು. ತೆಂಕಣಕ್ಕೆ ಇಂಡಿ, ವಿಜಾಪುರಗಳು ಮುಂಬಯಿ ಕರ್ನಾಟಕ. ಲಿಂಬಾಳೆ ಹುಟ್ಟಿದ್ದು 1956ರ ಜೂನ್ 1ರಂದು, ಹನ್ನೂರಿನಲ್ಲಿ. (ಶಾಲೆಯ ದಾಖಲೆಗಳಲ್ಲಿ ಕೇರಿಯ ಎಷ್ಟೊಂದು ಮಕ್ಕಳು ಜೂನ್ 1ರಂದೇ ಹುಟ್ಟಿದ್ದಾರೆ ಎಂಬುದನ್ನು ಬಲ್ಲವರು ಈ ದಿನಾಂಕವನ್ನು ಎಷ್ಟು ನಂಬಬೇಕೋ ಅಷ್ಟು ನಂಬಬಹುದು.) ಅದೇ ವರ್ಷದ ಮೇ ತಿಂಗಳಲ್ಲಿ ವಿಜಾಪುರ ಜಿಲ್ಲೆಯ ಮುದ್ದೇಬಿಹಾಳದಲ್ಲಿ ಅರವಿಂದ ಮಾಲಗತ್ತಿ ಹುಟ್ಟಿದರು. ಇಬ್ಬರೂ ಹುಟ್ಟಿದಾಗ ಒಂದೇ ಮುಂಬಯಿ ರಾಜ್ಯದ ಮಕ್ಕಳು. ಐದು ತಿಂಗಳ ಮೇಲೆ, ನವೆಂಬರ್ 1ರಂದು, ವಿಜಾಪುರ ಮೈಸೂರು ರಾಜ್ಯಕ್ಕೆ ಬಂತು, ಸೊಲ್ಲಾಪುರ ಮುಂಬಯಿಯಲ್ಲೇ ಉಳಿಯಿತು. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆ ತಾಲೂಕನ್ನು ಮೈಸೂರಿಗೆ ಕೊಡಬೇಕೆಂದು ಬರೆದಾಗ ಹನ್ನೂರಿನ ಹುಡುಗನಿಗೆ ಹನ್ನೊಂದು ವರ್ಷ. ಆ ಶಿಫಾರಸು ಜಾರಿಗೆ ಬರಲಿಲ್ಲ. ಒಬ್ಬ ಹುಡುಗ ತನ್ನ ಕೇರಿಯನ್ನು ಮರಾಠಿಯಲ್ಲಿ ಬರೆದ. ಇನ್ನೊಬ್ಬ ಹತ್ತು ವರ್ಷಗಳ ತರುವಾಯ, 1994ರಲ್ಲಿ, ‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬರೆದ.

ಇಷ್ಟನ್ನು ಮಾತ್ರ ಹೇಳಿ, ಗಡಿರೇಖೆಯೊಂದು ನಮ್ಮ ಬರಹಗಾರನನ್ನು ನಮ್ಮಿಂದ ಕಿತ್ತುಕೊಂಡಿತು ಎಂದು ಮುಗಿಸುವುದು ಸುಲಭ. ಗಡಿ ಚಳವಳಿಯ ಭಾಷಣಕ್ಕೆ ಅದು ಒಪ್ಪಬಹುದು, ಕೃತಿಗೆ ಒಪ್ಪುವುದಿಲ್ಲ. ಕಾರಣ ಕೃತಿಯ ಒಳಗೇ ಇದೆ.

‘ಅಕ್ಕರಮಾಶಿ’ಯ ಬಾಲ್ಯಕ್ಕೆ ಮನೆಯೆಂಬುದು ಒಂದೇ ಸೂರಿನ ಕೆಳಗಿಲ್ಲ. ಹುಡುಗ ಬೆಳೆಯುವುದು ಹೆಚ್ಚಾಗಿ ಅಜ್ಜಿ ಸಂತಾಮಾಯಿಯ ಮಡಿಲಲ್ಲಿ. ಅಜ್ಜಿಯ ಜೊತೆಗಿರುವವನು ದಾದಾ, ಮಹಮೂದ್ ದಸ್ತಗೀರ್ ಜಮಾದಾರ ಎಂಬ ಮುಸಲ್ಮಾನ. ಬಸ್ ನಿಲ್ದಾಣದಲ್ಲಿ ಹಮಾಲಿ ಮಾಡುವವನು. ಹೆತ್ತ ಲಿಂಗಾಯತ ತಂದೆ ಮುಖ ತಿರುಗಿಸಿದ ಮಗುವಿಗೆ ರಕ್ತದ ನಂಟಿಲ್ಲದ ಈ ಮನುಷ್ಯ ಅಜ್ಜನಾಗುತ್ತಾನೆ. ಅವನ ಧರ್ಮ ಬೇರೆ ಎಂಬುದು ಹುಡುಗನಿಗೆ ತಿಳಿಯದ್ದಲ್ಲ. ಆದರೆ ಆ ಸಂಬಂಧದಲ್ಲಿ ಧರ್ಮ ಎಲ್ಲೂ ಎದ್ದು ನಿಲ್ಲುವುದಿಲ್ಲ. ಸ್ಮರಣ ಸಂಚಿಕೆಗಳು ಹಾಡಿಹೊಗಳುವ ‘ಒಂದೇ ಮನೆಯಂಥ ಓಣಿ’ ಎಲ್ಲಾದರೂ ನಿಜವಾಗಿ ಇದ್ದಿದ್ದರೆ ಅದು ಹಮಾಲನ ದುಡಿಮೆಯನ್ನು ನೆಚ್ಚಿದ ಈ ಬಿಡಾರದಲ್ಲಿ ಎನ್ನಿಸುತ್ತದೆ. ಕೃತಿಯಲ್ಲಿ ಸಿಟ್ಟಿಲ್ಲದ, ಪ್ರಶ್ನೆಯಿಲ್ಲದ ಪುಟಗಳು ಹೆಚ್ಚಾಗಿ ದಾದಾನಿಗೆ ಸೇರಿದವು. ವಿಮರ್ಶಕರು ಈ ಪುಟಗಳನ್ನು ಬೇಗ ದಾಟಿಬಿಡುತ್ತಾರೆ. ಹಸಿವು, ಅವಮಾನಗಳ ಪುಟಗಳೇ ಉದ್ಧರಿಸಲು ಅನುಕೂಲ ಎಂಬುದು ಅದಕ್ಕೆ ಕಾರಣವಿರಬಹುದು.

ಹಸಿವಿನ ಪುಟಗಳಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವುದು ಸಗಣಿಯೊಳಗಿನ ಜೋಳ. ಸುಗ್ಗಿಯಲ್ಲಿ ದನಗಳು ತೆನೆ ಮೇಯುತ್ತವೆ. ಅರಗದ ಕಾಳು ಸಗಣಿಯಲ್ಲಿ ಬೀಳುತ್ತದೆ. ಸಂತಾಮಾಯಿ ಆ ಸಗಣಿಯನ್ನು ಆಯ್ದು ತಂದು, ತೊಳೆದು, ಕಾಳು ಬೇರ್ಪಡಿಸಿ, ಒಣಗಿಸಿ, ಬೀಸಿ ರೊಟ್ಟಿ ಬಡಿಯುತ್ತಾಳೆ. ಮೊಮ್ಮಗನಿಗೆ ಒಳ್ಳೆಯ ಹಿಟ್ಟಿನ ರೊಟ್ಟಿ, ತನಗೆ ಈ ರೊಟ್ಟಿ. ಹುಡುಗ ಹಟ ಹಿಡಿದು ಅದರ ಒಂದು ತುಣುಕು ಬಾಯಿಗಿಡುತ್ತಾನೆ. ಸಗಣಿಯ ವಾಸನೆ ನುಂಗಗೊಡುವುದಿಲ್ಲ. ಈ ಪ್ರಸಂಗದ ಬಲ ಅದರ ಭೀಕರತೆಯಲ್ಲಿ ಇಲ್ಲ, ಕೆಲಸದ ವಿವರದಲ್ಲಿದೆ. ಆಯುವುದು, ತೊಳೆಯುವುದು, ಒಣಗಿಸುವುದು, ಬೀಸುವುದು, ಬಡಿಯುವುದು: ಅಗಸಿಯ ಒಳಗಿನ ಯಾವ ಮನೆಯ ಹೆಂಗಸೂ ಜೋಳಕ್ಕೆ ಮಾಡುವ ಕೆಲಸವೇ ಇದು. ಗಡಿನಾಡಿನ ನೆನಪಿನ ಬರಹಗಳಲ್ಲಿ ಜೋಳದ ರೊಟ್ಟಿ ನಾಡಿನ ಗುರುತಾಗಿ, ಅಮ್ಮನ ಕೈರುಚಿಯಾಗಿ ಬರುತ್ತದೆ. ಅದೇ ರೊಟ್ಟಿ ಇಲ್ಲಿ ದನದ ಹೊಟ್ಟೆಯ ಮೂಲಕ ಸುತ್ತಿಬರುತ್ತದೆ. ದನಕ್ಕೆ ಮೊದಲ ಪಾಲು, ಸಂತಾಮಾಯಿಗೆ ಎರಡನೆಯದು. ಊರಿನ ಆಯದ ಲೆಕ್ಕ ಹೀಗಿತ್ತು ಎಂದು ಯಾವ ಸಮಾಜಶಾಸ್ತ್ರದ ಪುಸ್ತಕವೂ ಇಷ್ಟು ಚಿಕ್ಕದಾಗಿ ಹೇಳಿರಲಾರದು.

ಎರಡನೆಯದು ಶಾಲೆಯ ವನಭೋಜನದ ಪ್ರಸಂಗ. ಮೇಲುಜಾತಿಯ ಮಕ್ಕಳು ಆಲದ ಮರದ ಕೆಳಗೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಮಹಾರ ಮಕ್ಕಳು ಬೇರೆ ಕುಳಿತುಕೊಳ್ಳುತ್ತಾರೆ. ಊಟ ಮುಗಿದ ಮೇಲೆ ಉಳಿದ ಅಡುಗೆಯನ್ನು ಒಟ್ಟುಮಾಡಿ ಇವರಿಗೆ ಕೊಡಲಾಗುತ್ತದೆ. ಹುಡುಗ ಹಬ್ಬದಂತೆ ಉಂಡು ಮನೆಗೆ ಬಂದು ಹೇಳಿದಾಗ ತಾಯಿ ನೋಯುವುದಿಲ್ಲ. ನನಗೇಕೆ ಒಂದಿಷ್ಟು ತರಲಿಲ್ಲ ಎಂದು ಕೇಳುತ್ತಾಳೆ. ಈ ಪ್ರಸಂಗಕ್ಕೆ ಬಾಲವೊಂದಿದೆ: ಮರುದಿನ ಶಾಲೆಯಲ್ಲಿ ಮಾಸ್ತರರು ವನಭೋಜನದ ಬಗ್ಗೆ ನಿಬಂಧ ಬರೆಯಲು ಹೇಳುತ್ತಾರೆ. ಹುಡುಗನಿಗೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುವುದಿಲ್ಲ. ನಿಬಂಧಕ್ಕೆ ಶಾಲೆ ಕಲಿಸಿದ ಮಾದರಿಯೊಂದಿರುತ್ತದೆ. ಮುಂಜಾನೆಯ ಸೊಗಸು, ಗೆಳೆಯರ ಕೇಕೆ, ಸವಿಯಾದ ಊಟ, ಸಂಜೆ ದಣಿದು ಮರಳಿದ್ದು. ಆ ಮಾದರಿಯಲ್ಲಿ ಎಂಜಲಿಗೆ ಜಾಗವಿಲ್ಲ. ಬಾಲ್ಯದ ನೆನಪೆಂಬ ಸಾಹಿತ್ಯ ಪ್ರಕಾರವೇ ಕೇರಿಯ ಹುಡುಗನ ಮುಂದೆ ಹೀಗೆ, ತುಂಬಲಾಗದ ನಮೂನೆಯಾಗಿ, ಬಂದು ಬೀಳುತ್ತದೆ. ಗಡಿನಾಡ ಕನ್ನಡದ ಸ್ಮರಣ ಬರಹಗಳೂ ಬಹುಪಾಲು ಅದೇ ನಿಬಂಧದ ಮಾದರಿಯವೇ ಎಂಬುದನ್ನು ಈ ಹಂತದಲ್ಲಿ ನೆನೆಯದೆ ಇರಲಾಗುವುದಿಲ್ಲ.

ಇನ್ನೂ ಒಂದು ನಮೂನೆ ಇದೆ, ಅದು ದಾಖಲಾತಿಯದು. ಶಾಲೆಗೆ ಸೇರಿಸುವಾಗ ತಂದೆಯ ಹೆಸರು ಬೇಕು. ಹೆತ್ತವನ ಹೆಸರನ್ನೇ ಬರೆಯಬೇಕೆಂದು ಮುಖ್ಯೋಪಾಧ್ಯಾಯರು ನಿಶ್ಚಯಿಸುತ್ತಾರೆ. ಹೆತ್ತವನು ಅದನ್ನು ತಡೆಯಲು ನೋಡುತ್ತಾನೆ. ಹುಡುಗನಿಗೆ ಕೊನೆಗೆ ದಕ್ಕುವುದು ತಂದೆಯಲ್ಲ, ಅವನ ಅಡ್ಡಹೆಸರು. ತಂದೆ ಲಿಂಗಾಯತನಾದರೆ ತಾನೂ ಲಿಂಗಾಯತನಲ್ಲವೆ, ತಾಯಿ ಮಹಾರಳಾದರೆ ತಾನೂ ಮಹಾರನಲ್ಲವೆ, ಹಾಗಾದರೆ ತಾನು ಯಾರು ಎಂಬ ಪ್ರಶ್ನೆ ಕೃತಿಯುದ್ದಕ್ಕೂ ಮರಳಿ ಮರಳಿ ಬರುತ್ತದೆ. ಮರಾಠಿಯ, ಇಂಗ್ಲಿಷಿನ ಓದುಗರು ಇದನ್ನು ಜಾತಿಯ ಅಸಂಗತತೆಯ ಪ್ರಶ್ನೆಯಾಗಿ ಓದುತ್ತಾರೆ. ಕನ್ನಡ ಓದುಗನಿಗೆ ಇದು ಅದಕ್ಕಿಂತ ಹತ್ತಿರ ಬಂದು ಚುಚ್ಚಬೇಕು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಯ ಕಾರಣಕ್ಕೆ ಕಲ್ಯಾಣ ಹೊತ್ತಿ ಉರಿಯಿತೆಂದು ನಂಬುವ ಪರಂಪರೆ ಇದು. ಶರಣರ ಹೆಸರು ಹೊತ್ತ ಮಗುವೊಂದು ಆ ಪರಂಪರೆಯ ಮನೆಯ ಬಾಗಿಲಲ್ಲೇ ಹನ್ನೊಂದು ಮಾಷವೆಂದು ತೂಗಲ್ಪಟ್ಟಿದೆ. ಲಿಂಗಾಯತ ಮೆರವಣಿಗೆಗಳ ಮುಂದೆ ಗಂಟೆ, ಬಟ್ಟಲು ಹಿಡಿದು ನಡೆಯುವ ಛಲವಾದಿಯ ಗೌರವವೂ ಈ ಸೀಮೆಯದೇ. ಮೆರವಣಿಗೆ ಮುಗಿದ ಮೇಲೆ ಛಲವಾದಿ ಎಲ್ಲಿಗೆ ಹೋಗುತ್ತಾನೆ ಎಂಬುದೂ ಈ ಸೀಮೆಗೆ ಗೊತ್ತಿರುವುದೇ.

ಭಾಷೆಯ ವಿಚಾರ ಇಲ್ಲಿಂದ ಕವಲೊಡೆಯುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತಗಳ ಲಿಂಗಾಯತ ಒಕ್ಕಲು ಮನೆಗಳಲ್ಲಿ, ಪಾಟೀಲರ ವಾಡೆಗಳಲ್ಲಿ ಕನ್ನಡ ಸಾಮಾನ್ಯ ಮನೆಮಾತು. ಮಹಾರವಾಡೆಯಲ್ಲಿ ಮರಾಠಿಯೇ ಮುಖ್ಯ, ಕನ್ನಡವೂ ವ್ಯವಹಾರದಲ್ಲಿ ಉಂಟು. ಜಿಲ್ಲಾ ಕಚೇರಿಯ ಮೆಟ್ಟಿಲಲ್ಲಿ ನಿಂತು ನೋಡಿದರೆ ಕನ್ನಡ ಅಲ್ಪಸಂಖ್ಯಾತರ ಭಾಷೆ. ಅದಕ್ಕೆ ಶಾಲೆ ಬೇಕು, ಪಠ್ಯಪುಸ್ತಕ ಬೇಕು, ಶಿಕ್ಷಕರು ಬೇಕು, ಅರ್ಜಿ ಬರೆಯುವ ಹಕ್ಕು ಬೇಕು. ಹಳ್ಳಿಯ ಚಾವಡಿಯಲ್ಲಿ ನಿಂತು ನೋಡಿದರೆ ಅದೇ ಕನ್ನಡ ಪಾಟೀಲನ ಭಾಷೆ, ಹೊಲದ ಒಡೆಯನ ಭಾಷೆ, ಕೂಲಿಗೆ ಕರೆಯುವ ಮತ್ತು ಬಾವಿಯಿಂದ ದೂರ ಸರಿಸುವ ಭಾಷೆ. ಎರಡು ನೋಟಗಳೂ ನಿಜ, ಎರಡೂ ಒಂದೇ ಕಾಲದಲ್ಲಿ ನಿಜ. ಗಡಿನಾಡ ಕನ್ನಡದ ಅಧ್ಯಯನ ಮೊದಲನೆಯ ನಕಾಶೆಯನ್ನು ಗೋಡೆಗೆ ತೂಗುಹಾಕಿಕೊಂಡಿದೆ. ಎರಡನೆಯದನ್ನು ಬರೆದವರು ನಮ್ಮವರಲ್ಲ, ಮರಾಠಿಯವರು ಎಂದು ಕಪಾಟಿನಲ್ಲಿ ಬೇರೆ ಕಡೆ ಇಟ್ಟಿದೆ. ಅಲ್ಪಸಂಖ್ಯಾತ ಭಾಷೆಯೊಂದರ ಸಂಕಟವನ್ನು ದಾಖಲಿಸುವ ಶಾಸ್ತ್ರ ಆ ಭಾಷೆಯೊಳಗಿನ ಒಡೆತನವನ್ನು ಕಾಣಲು ನಿರಾಕರಿಸಿದರೆ, ಅದು ದಾಖಲಿಸಿದ್ದು ವಾಡೆಯ ಸಂಕಟವನ್ನು ಮಾತ್ರ ಎಂದಾಗುತ್ತದೆ.

ಸೊಲ್ಲಾಪುರದ ಕನ್ನಡಕ್ಕೆ ದೊಡ್ಡ ಸಂಕಥನವೊಂದನ್ನು ಕಟ್ಟಿಕೊಟ್ಟವರು ಜಯದೇವಿತಾಯಿ ಲಿಗಾಡೆ. ಸಿದ್ಧರಾಮನನ್ನು ಕುರಿತ ಪುರಾಣಕಾವ್ಯ ಅವರದು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷ ಪೀಠವನ್ನೇರಿದ ಮೊದಲ ಮಹಿಳೆಯೂ ಅವರೇ. ಅವರ ಕೆಲಸದ ಘನತೆಯನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಅದೇ ಎಪ್ಪತ್ತರ ದಶಕದಲ್ಲಿ, ಅದೇ ಜಿಲ್ಲೆಯ ಕೇರಿಯ ಹುಡುಗನೊಬ್ಬನಿಗೆ ಅಕ್ಷರದ ಹಸಿವು ಹುಟ್ಟಿದಾಗ ಅವನ ಕೈಗೆ ಸಿಕ್ಕಿದ್ದು ಪುರಾಣವಲ್ಲ. ಅಂಬೇಡ್ಕರರು ಮೂಕನಾಯಕ, ಬಹಿಷ್ಕೃತ ಭಾರತ ಪತ್ರಿಕೆಗಳನ್ನು ನಡೆಸಿದ್ದು ಮರಾಠಿಯಲ್ಲಿ. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ಮಾತಾಡಿದ್ದು ಮರಾಠಿಯಲ್ಲಿ. 1978ರಲ್ಲಿ ದಯಾ ಪವಾರರ ‘ಬಲುತ’, 1980ರಲ್ಲಿ ಲಕ್ಷ್ಮಣ ಮಾನೆಯವರ ‘ಉಪರಾ’ ಬಂದವು. ಕೇರಿಯ, ಅಲೆಮಾರಿ ಬಿಡಾರದ ಬಾಲ್ಯವೂ ಅಚ್ಚಾಗಬಹುದೆಂಬ ಧೈರ್ಯ ಅವುಗಳಿಂದ ಬಂತು. ಅಕ್ಕಲಕೋಟೆಯ ಹುಡುಗನಿಗೆ ಮರಾಠಿ ರಾಜ್ಯಭಾಷೆಯಾಗಿ ಮೇಲಿಂದ ಬಿದ್ದದ್ದು ನಿಜವಾದರೂ, ಅದು ಅವನಿಗೆ ಬಿಡುಗಡೆಯ ಭಾಷೆಯಾಗಿಯೂ ಒದಗಿತು. ಕನ್ನಡ ಅವನ ಕಿವಿಗೆ ಬಿದ್ದದ್ದು ಅವನನ್ನು ಮಗನೆನ್ನದ ಮನೆಗಳ ಕಡೆಯಿಂದ.

ಕರ್ನಾಟಕದ ಒಳಗಾದರೂ ಕನ್ನಡ ಕೇರಿಗೆ ತಾನಾಗಿಯೇ ಒಲಿದ ಭಾಷೆಯೇನಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗವನ್ನು ಬೂಸಾ ಎಂದಾಗ ಎದ್ದ ಗಲಭೆ ನೆನಪಿಸಿಕೊಂಡರೆ ಸಾಕು. ಆ ಗಲಭೆಯ ಬೆನ್ನಿಗೆ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಕೇರಿಯವರು ಕನ್ನಡವನ್ನು ಜಗಳವಾಡಿ ಪಡೆದುಕೊಂಡರು. ಆ ಜಗಳ ಗಡಿ ದಾಟಿ ಅಕ್ಕಲಕೋಟೆಗೆ ಹೋಗಲಿಲ್ಲ. ಹೋಗಿದ್ದು ಗೋಕಾಕ್ ವರದಿಯ ಕನ್ನಡ, ಸಮ್ಮೇಳನದ ಕನ್ನಡ. ಗಡಿನಾಡಿಗೆ ಕರ್ನಾಟಕ ಯಾವ ಕನ್ನಡವನ್ನು ರಫ್ತು ಮಾಡಿತು ಎಂಬ ಪ್ರಶ್ನೆಗೆ ಪ್ರತ್ಯೇಕ ಅಧ್ಯಯನವೇ ಬೇಕು.

ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ‘ಅಕ್ಕರಮಾಶಿ’ಯ ಪಕ್ಕದಲ್ಲಿಟ್ಟರೆ ನೆಲದ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ: ಅದೇ ಬಿಸಿಲು, ಅದೇ ಜೋಳ, ಅದೇ ಅಗಸಿ. ಸ್ವಭಾವ ಮಾತ್ರ ಬೇರೆ. ಮಾಲಗತ್ತಿ ಬಿಡಿ ಪ್ರಸಂಗಗಳನ್ನು ಹೇಳುತ್ತಾರೆ, ಹೇಳುತ್ತ ವಾದಿಸುತ್ತಾರೆ. ಕೊಡುವ ಕೈ ಮುಟ್ಟಬಾರದ್ದು, ಆ ಕೈಯೊಳಗಿನ ನಾಣ್ಯಕ್ಕೆ ಮಾತ್ರ ಮೈಲಿಗೆಯಿಲ್ಲ ಎಂಬ ತರ್ಕವನ್ನು ಅವರು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಕೇರಿಯ ಎಮ್ಮೆ, ಊರಿನ ಕೋಣಗಳ ನಡುವೆಯೂ ಜಾತಿ ಹೇಗೆ ಅಡ್ಡ ಬಂತೆಂದು ಹೇಳುವಾಗ ವ್ಯಂಗ್ಯ ಎಷ್ಟು ಹರಿತವಾಗಿದೆಯೆಂದರೆ ನಗುವ ಮೊದಲೇ ನಗು ಅಳಿಯುತ್ತದೆ. ಅವರ ನಿರೂಪಕನಿಗೆ ತಾನು ಯಾರೆಂಬ ಅನುಮಾನವಿಲ್ಲ. ಅವನಿಗೆ ಕೇರಿಯಿದೆ, ಅಜ್ಜಿಯಿದ್ದಾಳೆ, ಕುಲವಿದೆ. ಅವಮಾನ ಹೊರಗಿನಿಂದ ಬರುತ್ತದೆ. ಲಿಂಬಾಳೆಯವರ ಹುಡುಗನನ್ನು ಕೇರಿಯೂ ಪೂರ್ತಿ ತನ್ನವನೆನ್ನುವುದಿಲ್ಲ. ಮಹಾರವಾಡೆಯ ಒಳಗೇ ಅವನು ಅಕ್ಕರಮಾಶಿ. ಈ ಒಂದು ವ್ಯತ್ಯಾಸ ಎರಡು ಕೃತಿಗಳ ಶೈಲಿಯನ್ನೂ ನಿರ್ಧರಿಸಿದೆ. ಒಂದರಲ್ಲಿ ವಾದ, ಇನ್ನೊಂದರಲ್ಲಿ ಪ್ರಶ್ನೆ.

ಸಿದ್ದಲಿಂಗಯ್ಯನವರ ‘ಊರುಕೇರಿ’ (1996) ಗಡಿಯಿಂದ ದೂರದ ಕೃತಿ. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಆರಂಭವಾಗಿ ಬೆಂಗಳೂರಿನ ಶ್ರೀರಾಮಪುರದ ಕೊಳೆಗೇರಿಗೆ ಬರುತ್ತದೆ. ಆದರೂ ಹೋಲಿಕೆಗೆ ಅದು ಬೇಕು, ಏಕೆಂದರೆ ಮಗುವಿನ ಕಣ್ಣನ್ನು ಕಾಪಾಡಿಕೊಳ್ಳುವುದು ಹೇಗೆಂದು ತೋರಿಸುವ ಕೃತಿ ಅದು. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಮೂರನೆಯವನು ಉಳುತ್ತಿರುವುದನ್ನು ಹುಡುಗ ನೋಡುತ್ತಾನೆ; ನೊಗ ಹೊತ್ತವರಲ್ಲಿ ಒಬ್ಬ ಅವನ ಅಪ್ಪ. ದೊಡ್ಡವನಾದ ಲೇಖಕ ಅಲ್ಲಿ ಬಾಯಿ ಹಾಕುವುದಿಲ್ಲ. ಮುಂದೆ ಬರುವ ನಗುವಿನ ಬಗ್ಗೆ ಡಿ.ಆರ್. ನಾಗರಾಜ್ ಬರೆದ ಮೇಲೆ ಆ ನಗುವೇ ಕನ್ನಡ ದಲಿತ ಆತ್ಮಕಥನದ ಲಕ್ಷಣವೆಂಬಂತೆ ಮಾತು ಬೆಳೆಯಿತು. ಅದು ಅತಿಯಾಯಿತು. ನಗಲು ನಿಂತ ನೆಲವೊಂದು ಬೇಕು. ಸಿದ್ದಲಿಂಗಯ್ಯನವರಿಗೆ ಕೇರಿಯೂ ಹಾಸ್ಟೆಲೂ ಚಳವಳಿಯೂ ಆ ನೆಲವನ್ನು ಕೊಟ್ಟವು. ‘ಅಕ್ಕರಮಾಶಿ’ಯಲ್ಲಿ ನಗುವಿಲ್ಲವೆಂದು ಕೆಲವರು ದೂರುವುದುಂಟು. ತನ್ನ ತೂಕದ ಬಗೆಗೇ ನಿಶ್ಚಯವಿಲ್ಲದವನಿಂದ ನಗುವನ್ನು ಕೇಳುವುದು ಓದುಗನ ಸುಖಕ್ಕಾಗಿ ಕೇಳುವುದು.

ಹಾಗೆಂದು ‘ಅಕ್ಕರಮಾಶಿ’ ಕುಂದಿಲ್ಲದ ಕೃತಿಯಲ್ಲ. ಮಗು ಕಾಣುತ್ತಿರುವ ದೃಶ್ಯದೊಳಕ್ಕೆ ಪ್ರಾಯದ ಲೇಖಕ ಆಗಾಗ ನುಗ್ಗಿಬರುತ್ತಾನೆ. ರೊಟ್ಟಿ, ಹಸಿವು, ದೇಹಗಳ ಬಗ್ಗೆ ಸೂತ್ರದಂಥ ಮಾತುಗಳ ಸಾಲು ಬರುತ್ತದೆ, ದೃಶ್ಯ ತಾನೇ ಹೇಳಿದ್ದನ್ನು ಅದು ಮತ್ತೆ ಹೇಳುತ್ತದೆ. ಸಗಣಿಯ ಜೋಳಕ್ಕೆ ಭಾಷ್ಯ ಬೇಕಿರಲಿಲ್ಲ. 1984ರಲ್ಲಿ ಲೇಖಕನಿಗೆ ಇಪ್ಪತ್ತೆಂಟು ವರ್ಷ. ಆ ಆತುರ ಪುಟಗಳಲ್ಲಿ ಕಾಣುತ್ತದೆ. ಇದಕ್ಕಿಂತ ತೊಡಕಿನದು ತಾಯಿಯ ವಿಚಾರ. ಮಸಾಮಾಯಿಯ ಬದುಕಿನ ಅತ್ಯಂತ ಖಾಸಗಿ ಸಂಗತಿಗಳ ಮೇಲೆ ಮಗನ ಪ್ರಶ್ನೆ ನಿಂತಿದೆ. ನೀನೇಕೆ ನನ್ನನ್ನು ಹೆತ್ತೆ ಎಂದು ಅವನು ಕೇಳಬಲ್ಲ. ಉತ್ತರಿಸುವ ಅವಕಾಶ ಆಕೆಗೆ ಕೃತಿಯಲ್ಲಿ ಸಿಗುವುದಿಲ್ಲ. ಆಕೆ ಪಾಟೀಲರ ವಾಡೆಗಳನ್ನು ಒಳಗಿನಿಂದ ಬಲ್ಲವಳು, ಅವರ ಮಾತು, ಮೌನಗಳನ್ನು ಹತ್ತಿರದಿಂದ ಕೇಳಿದವಳು. ಬಾಲ್ಯಗಳನ್ನು ಪಡೆದವರು ಗಂಡುಮಕ್ಕಳು, ಅದರ ಬೆಲೆ ತೆತ್ತವರು ತಾಯಂದಿರು ಎಂಬ ಮಾತು ಈ ಮೂರೂ ಕೃತಿಗಳಿಗೆ ಹೆಚ್ಚು ಕಡಿಮೆ ಅನ್ವಯಿಸುತ್ತದೆ. ಮರಾಠಿಯಲ್ಲಿ ಊರ್ಮಿಳಾ ಪವಾರರ ‘ಆಯದಾನ’ 2003ರಲ್ಲಿ ಬಂದು ಆ ಲೆಕ್ಕವನ್ನು ಸ್ವಲ್ಪ ಸರಿಪಡಿಸಿತು. ಅಕ್ಕಲಕೋಟೆಯ ಕೇರಿಯ ಹೆಣ್ಣುಮಗಳ ಪುಸ್ತಕ ಇನ್ನೂ ಬರಬೇಕು. ಅದು ಯಾವ ಭಾಷೆಯಲ್ಲಿ ಬಂದರೂ ಸರಿ.

ಲಿಂಬಾಳೆ ಮುಂದೆ ದಲಿತ ಸಾಹಿತ್ಯದ ಸೌಂದರ್ಯಶಾಸ್ತ್ರವನ್ನು ಬರೆದರು, ಕಾದಂಬರಿಗಳನ್ನು ಬರೆದರು. ‘ಸನಾತನ’ ಕಾದಂಬರಿಗೆ 2020ರ ಸಾಲಿನ ಸರಸ್ವತಿ ಸಮ್ಮಾನ್ ಬಂತು. ಆದರೆ ಹನ್ನೂರು ಅವರ ಮೊದಲ ಪುಸ್ತಕದಷ್ಟು ಬರಿಮೈಯಲ್ಲಿ ಬೇರೆಲ್ಲೂ ನಿಂತಿಲ್ಲ.

ಈ ಪುಸ್ತಕವನ್ನು ‘ಮೂಲತಃ ಕನ್ನಡದ್ದು’ ಎಂದು ಸಾಧಿಸಹೊರಡುವುದು ಸುಳ್ಳೂ ಹೌದು, ಅಪಚಾರವೂ ಹೌದು. ಲೇಖಕ ಆರಿಸಿಕೊಂಡ ಭಾಷೆಯನ್ನು ಆಯ್ಕೆಯೆಂದೇ ಗೌರವಿಸಬೇಕು. ಆದರೆ ಗಡಿನಾಡ ಕನ್ನಡದ ಪಠ್ಯಪಟ್ಟಿ ಕನ್ನಡದಲ್ಲಿ ಬರೆದದ್ದನ್ನು ಮಾತ್ರ ಒಳಗೊಳ್ಳಬೇಕೆಂಬ ನಿಯಮವೇನೂ ಇಲ್ಲ. ಕನ್ನಡವನ್ನು ಹೊರಗಿನಿಂದ, ಕೆಳಗಿನಿಂದ ಕೇಳಿಸಿಕೊಂಡವರ ದಾಖಲೆಯೂ ಆ ಭಾಷೆಯ ಚರಿತ್ರೆಯೇ. ಅಕ್ಕಲಕೋಟೆಯ ಕನ್ನಡ ಶಾಲೆಗಳ ಅಂಕಿಸಂಖ್ಯೆ ಕೂಡಿಡುವವರು, ಆ ಶಾಲೆಗಳಿಗೆ ಯಾವ ಓಣಿಯ ಮಕ್ಕಳು ಬರುತ್ತಿದ್ದರು, ಯಾವ ಓಣಿಯವರು ಮರಾಠಿ ಶಾಲೆಗೆ ಹೋದರು, ಏಕೆ ಹೋದರು ಎಂಬುದನ್ನೂ ಕೇಳಿಕೊಂಡರೆ ಅಂಕಿಗಳ ಅರ್ಥವೇ ಬೇರೆಯಾದೀತು.

‘ಅಕ್ಕರಮಾಶಿ’ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಹೋದ ಕೃತಿ. ಬೇರೆ ಭಾಷೆಗಳ ಅನುವಾದಕರಿಗಿಲ್ಲದ ತೊಡಕೊಂದು ಕನ್ನಡಕ್ಕೆ ತರುವವರಿಗಿದೆ. ಭಾಕರಿಯನ್ನು ರೊಟ್ಟಿ ಎನ್ನುವುದು ಸುಲಭ. ಅಕ್ಕಲಕೋಟೆಯಲ್ಲಿ ಎರಡೂ ಒಂದೇ ಹೆಂಚಿನ ಮೇಲೆ ಬೇಯುತ್ತವೆ. ವಾಡೆ, ಚಾವಡಿ, ಪಾಟೀಲ, ಕುಲಕರ್ಣಿ ಎಂಬ ಪದಗಳನ್ನು ಅನುವಾದಿಸಬೇಕಾಗಿಯೇ ಇಲ್ಲ. ‘ಬಲುತ’ಕ್ಕೆ ‘ಆಯ’ ಇದೆ. ಕಷ್ಟ ಬರುವುದು ಸಂಭಾಷಣೆಯಲ್ಲ. ಪಾಟೀಲ ಬಾಯಿಬಿಟ್ಟಾಗ ಅವನು ಯಾವ ಕನ್ನಡ ಆಡುತ್ತಾನೆ? ಸಂತಾಮಾಯಿ ಅವನಿಗೆ ‘ಗೌಡ್ರ’ ಎನ್ನುತ್ತಾಳೆಯೇ, ‘ಯಪ್ಪಾ’ ಎನ್ನುತ್ತಾಳೆಯೇ, ಅವನು ಅವಳನ್ನು ‘ಏ’ ಎಂದಷ್ಟೇ ಕರೆಯುತ್ತಾನೆಯೇ? ದಾದಾನ ಬಾಯಲ್ಲಿ ದಖನಿ ಉರ್ದುವಿನ ಎಳೆ ಎಷ್ಟಿರಬೇಕು? ಎಲ್ಲರಿಗೂ ಒಂದೇ ಗ್ರಂಥಸ್ಥ ಕನ್ನಡವನ್ನು ಹಂಚಿದರೆ ಅಗಸಿಯ ಒಳಗೂ ಹೊರಗೂ ಒಂದೇ ಆಗಿಬಿಡುತ್ತದೆ. ಕೇರಿಗೆ ಆಡುಗನ್ನಡವನ್ನೂ ವಾಡೆಗೆ ಶಿಷ್ಟಗನ್ನಡವನ್ನೂ ಕೊಟ್ಟರೆ, ಅಕ್ಕಲಕೋಟೆಯ ವಾಡೆಯ ಕನ್ನಡವೂ ಆಡುಗನ್ನಡವೇ ಎಂಬ ಸತ್ಯ ಮುಚ್ಚಿಹೋಗುತ್ತದೆ. ಅನುವಾದಕರು ಆಳಂದದ ಸಂತೆಯಲ್ಲಿಯೋ ಹನ್ನೂರಿನ ಬಸ್ ನಿಲ್ದಾಣದಲ್ಲಿಯೋ ಕುಳಿತು, ಯಾರು ಯಾರೊಡನೆ ಯಾವ ಭಾಷೆಯಲ್ಲಿ ಆರಂಭಿಸಿ ಯಾವುದಕ್ಕೆ ಹೊರಳುತ್ತಾರೆ ಎಂದು ಕೇಳಿಸಿಕೊಂಡೇ ಒಂದೊಂದು ಸಾಲನ್ನೂ ತೀರ್ಮಾನಿಸಬೇಕಾಗುತ್ತದೆ.